ತೆರಿಗೆ ಕಟ್ಟದ ರೈತನ ಒಂದು ವರ್ಷದ ಲೆಕ್ಕ

2025ರ ಡಿಸೆಂಬರಿನಲ್ಲಿ ಒಂದು ಮದುವೆಗೆಂದು ಬೆಂಗಳೂರಿನಿಂದ ನಮ್ಮ ಅಕ್ಕನ ಮಗ ಬಂದಿದ್ದ. ಕಂಪನಿ ಕೆಲಸ, ಒಳ್ಳೇ ಹುಡುಗ. ಊಟ ಮುಗಿಸಿ ಜಗಲಿ ಮೇಲೆ ಕೂತಿದ್ದಾಗ ಅಂದ: "ಮಾವ, ನೀವೇ ಪುಣ್ಯವಂತರು. ನಮಗೆ ಸಂಬಳ ಕೈಗೆ ಬರೋ ಮೊದಲೇ ತೆರಿಗೆ ಹಿಡಕೊಂತಾರೆ. ರೈತರಿಗೆ ಒಂದು ಪೈಸೆ ತೆರಿಗೆ ಇಲ್ಲ. ಮೇಲಿಂದ ಸಾಲಮನ್ನಾ, ಸಬ್ಸಿಡಿ."

ಈ ಮಾತು ನನಗೆ ಹೊಸದಲ್ಲ. ಬಸ್ಸಿನಲ್ಲಿ ಕೇಳಿದ್ದೇನೆ, ಶಿರಾಳಕೊಪ್ಪದ ಚಾದಂಗಡಿಯಲ್ಲಿ ಕೇಳಿದ್ದೇನೆ. ಕೇಳಿದಾಗೆಲ್ಲ ಸಿಟ್ಟು ಬಂದಿದೆ, ಉತ್ತರ ಬಂದಿಲ್ಲ. ಯಾಕೆಂದರೆ ನನ್ನ ಹತ್ತಿರವೂ ಲೆಕ್ಕ ಇರಲಿಲ್ಲ. ನಾನು ಓದಿದ್ದು ಏಳನೇ ಕ್ಲಾಸು. ಆದರೆ ನಮ್ಮಪ್ಪ ಕಲಿಸಿದ ಒಂದು ಅಭ್ಯಾಸ ಬಿಟ್ಟಿಲ್ಲ. ಅಂಗಡಿ ಚೀಟಿಗಳನ್ನೆಲ್ಲ ತಂತಿಗೆ ಚುಚ್ಚಿ ಇಡುತ್ತೇನೆ. ಆ ತಂತಿಯನ್ನೇ ತಂದು ಹುಡುಗನ ಮುಂದೆ ಇಟ್ಟೆ. "ಕೂಡಿಸು ತಮ್ಮಾ, ನಾನು ಎಷ್ಟು ಪುಣ್ಯವಂತ ನೋಡೋಣ" ಎಂದೆ.

ನನಗಿರುವುದು ನಾಲ್ಕು ಎಕರೆ ಖುಷ್ಕಿ. ಬೋರಿಲ್ಲ, ಚಾನಲ್ ಇಲ್ಲ, ಮಳೆ ನಂಬಿದ ಬೇಸಾಯ. ಒಂದೆಕರೆ ಮನೆ ಊಟಕ್ಕೆ ಭತ್ತ, ಮೂರೆಕರೆ ಗೋವಿನಜೋಳ. ಪಹಣಿಯಲ್ಲಿ ಕಂದಾಯದ ಸಾಲು ನೋಡಿದರೆ ನಾಲ್ಕೆಕರೆಗೆ ಹತ್ತು ರೂಪಾಯಿಯೂ ಇಲ್ಲ. ಹುಡುಗ ನಕ್ಕ. "ನೋಡ್ರಿ ಮಾವ, ಒಂದು ಚಾ ರೊಕ್ಕ" ಅಂದ. ಉಳಿದ ಚೀಟಿ ಬಿಚ್ಚು ಎಂದೆ.

2025ರ ಮುಂಗಾರಿನಲ್ಲಿ ಬರೀ ಜೋಳದ ಹೊಲಕ್ಕೆ ಆದ ಲೆಕ್ಕ ಇದು. ಬೀಜದ ಮೇಲೆ ತೆರಿಗೆ ಇಲ್ಲ, ಒಪ್ಪಿಕೊಂಡೆ. ಗೊಬ್ಬರಕ್ಕೆ 10,500 ರೂಪಾಯಿ. ಅದರೊಳಗೆ ಶೇಕಡ 5ರಂತೆ ಜಿ.ಎಸ್.ಟಿ. 500. ಕಳೆನಾಶಕ, ಸೈನಿಕ ಹುಳಕ್ಕೆ ಔಷಧಿ ಸೇರಿ 5,900. ಅದರೊಳಗೆ ಶೇಕಡ 18ರಂತೆ 900. ಬೇಲಿ ತಂತಿ, ಪೈಪು 2,360. ಅದರಲ್ಲಿ 360. ಇನ್ನು ಟ್ರ್ಯಾಕ್ಟರ್ ಬಾಡಿಗೆ. ಬಾಡಿಗೆಗೆ ತೆರಿಗೆ ಇಲ್ಲ, ಆದರೆ ಟ್ರ್ಯಾಕ್ಟರ್ ಕುಡಿಯುವ ಡೀಸೆಲ್‌ಗೆ ಇದೆ. ಡೀಸೆಲ್ ಜಿ.ಎಸ್.ಟಿ.ಯ ಹೊರಗಿದೆ. ಅದರ ಮೇಲೆ ದಿಲ್ಲಿಯದ್ದೊಂದು ತೆರಿಗೆ, ಬೆಂಗಳೂರಿನದ್ದೊಂದು ತೆರಿಗೆ. ನಮ್ಮ ರಾಜ್ಯ ಸರ್ಕಾರ 2025ರ ಏಪ್ರಿಲ್ 1ರಿಂದ ಡೀಸೆಲ್ ಮಾರಾಟ ತೆರಿಗೆಯನ್ನು ಶೇಕಡ 18.44ರಿಂದ 21.17ಕ್ಕೆ ಏರಿಸಿತು. ಎರಡೂ ಸೇರಿದರೆ ಆ ವರ್ಷ ಲೀಟರಿಗೆ ಇಪ್ಪತ್ತು ರೂಪಾಯಿ ದಾಟುತ್ತಿತ್ತು. ಉಳುಮೆ, ಕುಂಟೆ, ಬಿತ್ತನೆ, ಒಕ್ಕಣೆ, ಸಾಗಾಟ ಎಲ್ಲ ಸೇರಿ 70 ಲೀಟರ್ ಎಂದು ಟ್ರ್ಯಾಕ್ಟರಿನವನೇ ಹೇಳಿದ. ಇಪ್ಪತ್ತರ ಲೆಕ್ಕ ಹಿಡಿದರೂ 1,400 ರೂಪಾಯಿ.

ಒಟ್ಟು 3,160 ರೂಪಾಯಿ.

ಆ ಮೂರೆಕರೆಯಲ್ಲಿ ಬಂದದ್ದು 45 ಕ್ವಿಂಟಾಲ್. ಮಾರಿದ್ದು 1,750ರಂತೆ. ಖರ್ಚೆಲ್ಲ ಕಳೆದು ಉಳಿದದ್ದು 21,000. ನನ್ನ ಕೂಲಿ, ಮನೆಯವಳ ಕೂಲಿ ಇದರಲ್ಲಿ ಹಾಕಿಲ್ಲ. ಅಂದರೆ ನನ್ನ ಕೈಗೆ ನೂರು ರೂಪಾಯಿ ಬರುವಷ್ಟರಲ್ಲಿ ಹದಿನೈದು ರೂಪಾಯಿ ತೆರಿಗೆ ಆಗಲೇ ಹೋಗಿತ್ತು. ಹುಡುಗನ ಕಡೆ ತಿರುಗಿ ಕೇಳಿದೆ: "ಸಂಬಳದವರಿಗೆ ಈಗ ಎಷ್ಟರವರೆಗೆ ತೆರಿಗೆ ಇಲ್ಲ?" ಹೊಸ ಪದ್ಧತಿಯಲ್ಲಿ 2025-26ರಿಂದ ವರ್ಷಕ್ಕೆ ಹನ್ನೆರಡು ಲಕ್ಷ ಆದಾಯದವರೆಗೆ ಆದಾಯ ತೆರಿಗೆ ಕಟ್ಟಬೇಕಾಗಿಲ್ಲ ಎಂದು ಅವನೇ ಹೇಳಿದ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು.

ಹುಡುಗ ಸೋಲೊಪ್ಪಲಿಲ್ಲ. "ಜಿ.ಎಸ್.ಟಿ. ನಾನೂ ಕೊಡ್ತೀನಲ್ಲ ಮಾವ. ಸೋಪಿಗೆ, ಪೆಟ್ರೋಲಿಗೆ, ಎಲ್ಲದಕ್ಕೂ" ಎಂದ. ನಿಜ. ಸೋಪಿಗೆ ನಾನೂ ಕೊಡುತ್ತೇನೆ, ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. ನಾನು ಹಿಡಿದದ್ದು ದುಡಿಮೆಗೆ ಹಾಕಿದ ಮಾಲಿನ ತೆರಿಗೆ ಮಾತ್ರ. ಇಲ್ಲೇ ಒಂದು ಸೂಕ್ಷ್ಮ ಇದೆ. ಅದನ್ನು ನನಗೆ ಬಿಡಿಸಿ ಹೇಳಿದ್ದು ಲೆಕ್ಕ ಬರೆಯುವ ಒಬ್ಬ ಪರಿಚಯದವರು.

ಪೇಟೆಯಲ್ಲಿ ಕುರ್ಚಿ ಮೇಜು ಮಾಡುವವನೊಬ್ಬ ಇದ್ದಾನೆ ಅನ್ನಿ, ಜಿ.ಎಸ್.ಟಿ. ನೋಂದಣಿ ಮಾಡಿಸಿದವನು. ಮರ, ಮೊಳೆ, ಪಾಲಿಶ್ ಕೊಳ್ಳುವಾಗ ತೆರಿಗೆ ಕೊಡುತ್ತಾನೆ. ಮೇಜು ಮಾರುವಾಗ ಗಿರಾಕಿಯಿಂದ ತೆರಿಗೆ ವಸೂಲಿ ಮಾಡುತ್ತಾನೆ. ಸರ್ಕಾರಕ್ಕೆ ಕಟ್ಟುವಾಗ ಮೊದಲು ಕೊಟ್ಟದ್ದನ್ನು ಮುರಿದುಕೊಂಡು ಉಳಿದದ್ದು ಕಟ್ಟುತ್ತಾನೆ. ಅವನ ಕೈಯಿಂದ ಹೋದದ್ದು ಅವನ ಕೈಗೇ ವಾಪಸ್ಸು ಬಂತು. ನಾನು? ನನ್ನ ಜೋಳಕ್ಕೆ ತೆರಿಗೆ ಇಲ್ಲ, ರೈತನಿಗೆ ನೋಂದಣಿ ಬೇಕಿಲ್ಲ. ಕೇಳಲಿಕ್ಕೆ ಚೆಂದ. ಆದರೆ ಮಾರುವಾಗ ವಸೂಲಿ ಇಲ್ಲದ್ದರಿಂದ, ಕೊಳ್ಳುವಾಗ ಕೊಟ್ಟ 18, 5 ಯಾವುದನ್ನೂ ಮುರಿದುಕೊಳ್ಳುವ ಹಾಗಿಲ್ಲ. ಬೆಲೆ ಏರಿಸಿ ತುಂಬಿಸಿಕೊಳ್ಳೋಣ ಅಂದರೆ ಬೆಲೆ ಹೇಳುವವನು ನಾನಲ್ಲ, ಮಂಡಿಯವನು. ಹಾಗಾಗಿ ಆ ತೆರಿಗೆ ನನ್ನ ಬೆನ್ನ ಮೇಲೇ ಉಳಿಯುತ್ತದೆ. "ತೆರಿಗೆ ಇಲ್ಲದ ರೈತ" ಎಂಬ ಮಾತಿನ ಒಳಮರ್ಮ ಇದು.

2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿ.ಎಸ್.ಟಿ.ಯನ್ನು ಶೇಕಡ 12ರಿಂದ 5ಕ್ಕೆ ಇಳಿಸಿದರು. ಒಳ್ಳೆಯದೇ. ಆದರೆ ನನ್ನಂಥ ನಾಲ್ಕೆಕರೆಯವನು ಟ್ರ್ಯಾಕ್ಟರ್ ಕೊಳ್ಳುವವನಲ್ಲ, ಕಳೆನಾಶಕದ ಡಬ್ಬಿ ಕೊಳ್ಳುವವನು.

ಇಷ್ಟು ಹೇಳಿ ನಿಲ್ಲಿಸಿದರೆ ನಾನು ಅರ್ಧ ಲೆಕ್ಕ ಹೇಳಿದ ಹಾಗಾಗುತ್ತದೆ. ಇನ್ನರ್ಧ ಹುಡುಗ ನೆನಪಿಸಿದ. "ಪಿ.ಎಂ. ಕಿಸಾನ್ ಆರು ಸಾವಿರ ಬರ್ತೈತಲ್ಲ?" ಬರುತ್ತದೆ. 2019ರಿಂದ ಬರುತ್ತಿದೆ, ನಾನು ತಗೊಂಡಿದ್ದೇನೆ. ಯೂರಿಯಾ ಚೀಲ ನಮಗೆ ಇಷ್ಟು ಅಗ್ಗಕ್ಕೆ ಸಿಗುವುದೂ ಸರ್ಕಾರ ಅದರ ಬಹುಪಾಲು ಬೆಲೆ ಹೊರುವುದರಿಂದಲೇ. ಇಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಆ ಆರು ಸಾವಿರದಲ್ಲಿ ಅರ್ಧಕ್ಕಿಂತ ಹೆಚ್ಚು ನಾನೇ ಕೊಟ್ಟದ್ದು. ಕೊಟ್ಟಾಗ ಯಾರಿಗೂ ಕಾಣಲಿಲ್ಲ. ವಾಪಸ್ಸು ಬರುವಾಗ ಮಾತ್ರ ಊರಿಗೆಲ್ಲ ಕಾಣುತ್ತದೆ. ಆ ವರ್ಷ ಗೋವಿನಜೋಳದ ಬೆಂಬಲ ಬೆಲೆ 2,400 ಎಂದು ಸರ್ಕಾರವೇ ಹೇಳಿತ್ತು. ನನಗೆ ಸಿಕ್ಕಿದ್ದು 1,750. ಕ್ವಿಂಟಾಲಿಗೆ 650ರಂತೆ 29,250 ರೂಪಾಯಿ ಖೋತಾ. ಇದನ್ನು ತೆರಿಗೆ ಅನ್ನಲು ಬರುವುದಿಲ್ಲ. ಆದರೆ ರೈತನಿಗೆ ಕೊಟ್ಟದ್ದನ್ನು ಎಣಿಸುವವರು ಇದನ್ನೂ ಎಣಿಸಬೇಕು.

ತೆರಿಗೆ ಕೊಡುವುದೇ ತಪ್ಪು ಎಂದು ನಮ್ಮ ಸೀಮೆಯ ಜನ ಎಂದೂ ಅಂದವರಲ್ಲ. ಶಿರಾಳಕೊಪ್ಪದ ಮಗ್ಗುಲಲ್ಲೇ ಬಳ್ಳಿಗಾವಿ ಇದೆ. ಅಲ್ಲಿನ ಕಲ್ಲುಗಳಲ್ಲಿ ಪೆರ್ಜುಂಕ, ವಡ್ಡರಾವುಳ ಎಂದು ಹಳೇ ಸುಂಕಗಳ ಹೆಸರು ಇವೆ ಎಂದು ನಮ್ಮ ಮೇಷ್ಟ್ರು ತೋರಿಸಿದ್ದರು. ಅಲ್ಲಿ ಕೆರೆ ಕೋಡಿಯ ಹತ್ತಿರ ಕೋಡಿಯ ಮಠ ಎಂದು ಇತ್ತು. 1162ರ ಶಾಸನ ಆ ಮಠದ ವಿಷಯ ಹೇಳುತ್ತದೆ. ಕುಂಟರು, ಕುರುಡರು, ದಿಕ್ಕಿಲ್ಲದವರಿಗೆ ಅಲ್ಲಿ ಅನ್ನ, ರೋಗಿಗಳಿಗೆ ಔಷಧಿ. ಅದಕ್ಕಾಗಿ ದತ್ತಿ ಬಿಟ್ಟದ್ದನ್ನು ಕಲ್ಲಿನಲ್ಲೇ ಕಡೆಸಿ ಎಲ್ಲರಿಗೂ ಕಾಣುವಂತೆ ನಿಲ್ಲಿಸಿದರು. ಜನರಿಂದ ಬಂದದ್ದು ಎಲ್ಲಿಗೆ ಹೋಯಿತು ಎಂದು ಎಂಟುನೂರು ವರ್ಷದ ಮೇಲೂ ನಾನು ಹೋಗಿ ನೋಡಬಹುದು. ನಾನು ಕೊಟ್ಟ 3,160 ಎಲ್ಲಿಗೆ ಹೋಯಿತು ಎಂದು ಯಾವ ಕಲ್ಲು ನೋಡಲಿ?

ಕೆಳದಿಯ ಶಿವಪ್ಪನಾಯಕನ ಹೆಸರು ನಮ್ಮ ಜಿಲ್ಲೆಯಲ್ಲಿ ಮಕ್ಕಳಿಗೂ ಗೊತ್ತು. ಅವನ 'ಶಿಸ್ತು' ಎಂದರೆ ಕಂದಾಯದ ಕಟ್ಟುಪಾಡು. ಉತ್ತಮ, ಮಧ್ಯಮ, ಕನಿಷ್ಠ, ಅಧಮ, ಅಧಮಾಧಮ ಎಂದು ಭೂಮಿಯನ್ನು ಐದು ತರ ಮಾಡಿ, ಹನ್ನೆರಡು ವರ್ಷ ಬೆಳೆ ತೆಗೆಸಿ ನೋಡಿ, ಹುಟ್ಟುವಳಿಯ ಮೂರರಲ್ಲಿ ಒಂದು ಪಾಲು ನಿಗದಿ ಮಾಡಿದ ಎನ್ನುತ್ತಾರೆ. ಮೂರರಲ್ಲೊಂದು ಕಡಿಮೆಯೇನಲ್ಲ. ಆದರೂ ಮುನ್ನೂರೈವತ್ತು ವರ್ಷಕ್ಕೂ ಮೇಲೆ ಜನ ಆ ಹೆಸರನ್ನು ಒಳ್ಳೇ ಮಾತಿನಲ್ಲೇ ನೆನೆಯುತ್ತಾರೆ. ಯಾಕೆ? ಅಳೆದು ಕೇಳಿದ. ಅಧಮಾಧಮ ನೆಲದವನಿಂದ ಉತ್ತಮದವನ ಪಾಲು ಕೇಳಲಿಲ್ಲ. ಇವತ್ತು ನೂರೆಕರೆ ತೋಟದವನೂ ನಾನೂ ಒಂದು ಲೀಟರ್ ಡೀಸೆಲ್‌ಗೆ, ಒಂದು ಡಬ್ಬಿ ಔಷಧಿಗೆ ಒಂದೇ ತೆರಿಗೆ ಕೊಡುತ್ತೇವೆ.

ಅಳೆಯದೆ, ಕೇಳದೆ ಹೇರಿದರೆ ಏನಾಗುತ್ತದೆ ಎನ್ನುವುದಕ್ಕೂ ನಮ್ಮ ಶಿಕಾರಿಪುರ ತಾಲ್ಲೂಕಿನಲ್ಲೇ ಊರಿದೆ. 1942ರಲ್ಲಿ ಈಸೂರಿನವರು ಇನ್ನು ಕರ ಕೊಡುವುದಿಲ್ಲ ಎಂದು ಊರನ್ನೇ ಸ್ವತಂತ್ರ ಎಂದು ಸಾರಿದರು. ವೀರಭದ್ರ ದೇವರ ಗುಡಿ ಮೇಲೆ ಬಾವುಟ ಹಾರಿಸಿದರು. ಹುಡುಗರನ್ನೇ ಅಮಲ್ದಾರ, ಸಬ್‌ಇನ್ಸ್‌ಪೆಕ್ಟರ್ ಮಾಡಿದರು. ಸೆಪ್ಟೆಂಬರ್ 28ರಂದು ನಡೆದ ಗಲಾಟೆಯಲ್ಲಿ ಅಮಲ್ದಾರರೂ ಸಬ್‌ಇನ್ಸ್‌ಪೆಕ್ಟರರೂ ಸತ್ತರು. ಜನ ಕಾಡು ಸೇರಿದರು. 1943ರ ಮಾರ್ಚಿನಲ್ಲಿ ಊರಿನ ಐವರನ್ನು ಗಲ್ಲಿಗೆ ಹಾಕಿದರು. 1980ರ ಜುಲೈಯಲ್ಲಿ ನರಗುಂದ, ನವಲಗುಂದದಲ್ಲಿ ಗುಂಡು ಹಾರಿದ್ದೂ ಮಲಪ್ರಭಾ ನೀರಿನ ಕರ, ಅಭಿವೃದ್ಧಿ ಕರದ ಜಗಳದಲ್ಲೇ. ಆಗ ಸರ್ಕಾರ ನಮ್ಮದೇ ಆಗಿತ್ತು. ಅದೇ ವರ್ಷ ನಮ್ಮ ಶಿವಮೊಗ್ಗದಲ್ಲಿ ರೈತ ಸಂಘ ಹುಟ್ಟಿತು. ನಮ್ಮಪ್ಪ ಹಸಿರು ಟವಲ್ ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ.

ಇಷ್ಟೆಲ್ಲ ಬರೆಯಲು ನನಗೆ ಬಾಯಿ ಇದೆಯೇ ಎಂದು ನಾನೇ ಕೇಳಿಕೊಂಡ ಒಂದು ಸಂಗತಿ ಹೇಳಿಬಿಡುತ್ತೇನೆ. 2023ರ ಬರದ ಮುಂದಿನ ಬೇಸಿಗೆಯಲ್ಲಿ ನಮ್ಮ ಊರಿನ ನೀರಿನ ಮೋಟಾರು ಸುಟ್ಟಿತು. ಎಂಟು ದಿನ ನಲ್ಲಿಯಲ್ಲಿ ನೀರಿಲ್ಲ. ಹೆಂಗಸರು ಮೈಲಿ ದೂರದಿಂದ ಕೊಡ ಹೊತ್ತರು. ಗ್ರಾಮಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನು. "ತೆರಿಗೆ ತಗೊಂತೀರಿ, ನೀರು ಕೊಡಾಕೆ ಆಗಲ್ಲೇನ್ರಿ?" ಬಿಲ್ ಕಲೆಕ್ಟರ್ ಮಾತಾಡದೆ ರಿಜಿಸ್ಟರ್ ತೆಗೆದು ನನ್ನ ಮುಂದೆ ಇಟ್ಟ. ನನ್ನ ಹೆಸರಿನ ಮುಂದೆ ನಾಲ್ಕು ವರ್ಷದ ನೀರಿನ ಕರ 2,880, ಮನೆ ಕಂದಾಯ 960. ಒಟ್ಟು 3,840 ಬಾಕಿ. ಕೂತುಬಿಟ್ಟೆ. ಕಟ್ಟಲಾರದಷ್ಟು ಬಡತನ ಇರಲಿಲ್ಲ. ಕೇಳಲಿಲ್ಲ, ಕಟ್ಟಲಿಲ್ಲ, ಅಷ್ಟೇ. ಊರಿನಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳದು ಇದೇ ಕಥೆ. ಮೋಟಾರು ಯಾರ ದುಡ್ಡಿನಲ್ಲಿ ರಿಪೇರಿ ಆಗಬೇಕಿತ್ತು?

ಮನೆಯಲ್ಲಿದ್ದ ಜೋಳ ಮಾರಿ ಬಾಕಿ ಕಟ್ಟಿದೆ. ರಸೀದಿ ಕೈಗೆ ಬಂದ ಮೇಲೆ ಕೇಳಿದೆ: "ಈಗ ಲೆಕ್ಕ ತೋರಿಸ್ರಿ." ನಾಲ್ಕೈದು ಸಲ ಅಲೆದಾಡಿದ ಮೇಲೆ, ಬಂದದ್ದೆಷ್ಟು, ಕರೆಂಟ್ ಬಿಲ್ಲಿಗೆ ಎಷ್ಟು, ಮೋಟಾರಿಗೆ ಎಷ್ಟು, ನೀರಗಂಟಿ ಸಂಬಳಕ್ಕೆ ಎಷ್ಟು ಎಂದು ಹಲಗೆ ಮೇಲೆ ಬರೆದರು. ಅದನ್ನು ಓದಿ ಹತ್ತಾರು ಮನೆಯವರು ಬಂದು ಕಟ್ಟಿದರು. ಎಲ್ಲರೂ ಕಟ್ಟಲಿಲ್ಲ. ಹಲಗೆಯೂ ಆರು ತಿಂಗಳಾದ ಮೇಲೆ ಬರೆಯುವವರಿಲ್ಲದೆ ಅಳಿಸಿಹೋಯಿತು, ಮತ್ತೆ ಬರೆಸಬೇಕು. ಆದರೆ ಒಂದು ಮಾತು ನನಗೆ ಖಾತ್ರಿ ಆಯಿತು. ಜನಕ್ಕೆ ಕೊಡುವುದು ನೋವಲ್ಲ. ಕೊಟ್ಟದ್ದು ಲೆಕ್ಕಕ್ಕೆ ಬರಲಿಲ್ಲ, ಹೋದದ್ದು ಕಣ್ಣಿಗೆ ಕಾಣಲಿಲ್ಲ, ಇದು ನೋವು.

ಹಾಗಾಗಿ ತೆರಿಗೆ ಮನ್ನಾ ಮಾಡಿ ಎಂದು ನಾನು ಕೇಳುವುದಿಲ್ಲ. ಬೇಸಾಯಕ್ಕೆ ಹಾಕಿದ ಮಾಲಿನ ಮೇಲೆ ನಾವು ಕೊಟ್ಟ ತೆರಿಗೆಯನ್ನು, ಮೇಜು ಮಾಡುವವನಿಗೆ ಇರುವ ಹಾಗೆ, ಸಣ್ಣ ರೈತನಿಗೂ ವಾಪಸ್ಸು ಕೊಡುವ ದಾರಿ ಮಾಡಲಿ. ಬಿಲ್ಲು ಇದೆ, ಪಹಣಿ ಇದೆ, ಬ್ಯಾಂಕ್ ಖಾತೆ ಇದೆ. ಆರು ಸಾವಿರ ಹಾಕಲಿಕ್ಕೆ ಬರುವ ಖಾತೆಗೆ ಇದನ್ನು ಹಾಕಲಿಕ್ಕೆ ಯಾಕೆ ಬರುವುದಿಲ್ಲ? ಬೇರೆ ವ್ಯಾಪಾರದ ಲಾಭವನ್ನು "ಕೃಷಿ ಆದಾಯ" ಎಂದು ತೋರಿಸಿ ರೈತನ ಹೆಸರಿನಲ್ಲಿ ತಪ್ಪಿಸಿಕೊಳ್ಳುವವರಿಂದ ವಸೂಲಿ ಮಾಡಲಿ. ಅವರ ಕಾರಣದಿಂದಲೇ ನಾವು ಬೈಸಿಕೊಳ್ಳುತ್ತಿರುವುದು. ಇನ್ನು ನಾವು, ಪಂಚಾಯ್ತಿ ಬಾಕಿ ಇದ್ದರೆ ಮೊದಲು ಕಟ್ಟೋಣ. ರಸೀದಿ ಇಲ್ಲದವನ ಪ್ರಶ್ನೆಗೆ ಬಲ ಇಲ್ಲ.

ಅಕ್ಕನ ಮಗ ಹೋಗುವಾಗ ಆ ಚೀಟಿಗಳ ಫೋಟೋ ತೆಗೆದುಕೊಂಡು ಹೋದ. ಆಫೀಸಿನಲ್ಲಿ ತೋರಿಸುತ್ತಾನಂತೆ. "ಮಾವ, ನಿಮಗೆ ಆರು ಸಾವಿರ ಬರೋದು ಸರಿ ಅಂತೀನಿ, ಆದರೆ ಪಂಚಾಯ್ತಿ ಬಾಕಿ ವಿಷಯ ಹೇಳ್ಲಾ ಬ್ಯಾಡಾ?" ಎಂದು ಕೇಳಿದ. ಅದನ್ನೂ ಹೇಳು ಎಂದೆ.

ಓದುಗ ಮಿತ್ರರೇ, ನಿಮ್ಮ ಮನೆಯ ತಂತಿಯಲ್ಲೂ ಚೀಟಿಗಳಿರಬಹುದು. ಒಂದು ಬೆಳೆಯ ಲೆಕ್ಕ ಕೂಡಿಸಿ ಪತ್ರಿಕೆಗೆ ಬರೆಯಿರಿ. ಅಡಿಕೆಯವರದ್ದು, ಶುಂಠಿಯವರದ್ದು, ಭತ್ತದವರದ್ದು ಬೇರೆ ಬೇರೆ ಇರುತ್ತದೆ. ನನ್ನ ಕೂಡಿಕೆಯಲ್ಲಿ ತಪ್ಪಿದ್ದರೆ ಅದನ್ನೂ ತಿದ್ದಿ.