ಜೂನ್ ಒಂದರಂದು ಹುಟ್ಟಿದವರು

ಉಬ್ರಾಣಿ ಸೀಮೆಯ ಕೇರಿ, ಹಟ್ಟಿ, ತಾಂಡಾಗಳ ನಮ್ಮಲ್ಲಿ ಬಹಳ ಜನ ಜೂನ್ 1ರಂದೇ ಹುಟ್ಟಿದವರು. ನಮ್ಮ ತಾಯಂದಿರೆಲ್ಲ ಮಾತಾಡಿಕೊಂಡು ಒಂದೇ ದಿನ ಹೆತ್ತರೇ? ಶಾಲೆಗೆ ಸೇರಿಸಲು ಹೋದ ಅವ್ವ ‘ಮುಂಗಾರಿ ಹಿಡಿದಾಗ ಹುಟ್ಟಿದ್ದು ಸಾಮಿ, ನೀವೇ ಏನಾರ ಬರ್ಕಳ್ಳಿ’ ಅಂದಳು. ಮೇಷ್ಟ್ರು ಬೆರಳು ಮಡಿಸಿ ಬರೆದುಕೊಂಡರು. ನಗಬೇಡಿ ಗೆಳೆಯರೇ, ಈ ಅಂದಾಜಿನ ಮೇಲೆ ಹುಡುಗರ ಬದುಕು ನಿಂತಿದೆ.

2015ರ ಬಾಲ ನ್ಯಾಯ ಕಾಯ್ದೆಯ 94ನೇ ಕಲಂ ಓದಿ. ವಯಸ್ಸಿನ ಬಗ್ಗೆ ಅನುಮಾನ ಬಂದರೆ ಮೊದಲು ಶಾಲೆಯ ದಾಖಲೆ ಅಥವಾ ಎಸ್ಸೆಸ್ಸೆಲ್ಸಿ ಪತ್ರ. ಅದಿಲ್ಲದಿದ್ದರೆ ಪಂಚಾಯಿತಿ, ಪುರಸಭೆಯ ಜನನ ಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಡಾಕ್ಟರರ ಮೂಳೆ ಪರೀಕ್ಷೆ. ಈಗ 15ನೇ ಕಲಂ ನೋಡಿ. 16 ತುಂಬಿದವನ ಮೇಲೆ ಘೋರ ಅಪರಾಧದ, ಅಂದರೆ ಕನಿಷ್ಠ 7 ವರ್ಷ ಶಿಕ್ಷೆಯ, ಆರೋಪ ಬಂದರೆ ಬಾಲ ನ್ಯಾಯ ಮಂಡಳಿ ಅವನ ಮನಸ್ಸು ಅಳೆಯುತ್ತದೆ. ದೊಡ್ಡವನಂತೆ ವಿಚಾರಣೆಯಾಗಲಿ ಎಂದು ಮಕ್ಕಳ ನ್ಯಾಯಾಲಯಕ್ಕೆ ದಾಟಿಸಬಹುದು. ಮೇಷ್ಟ್ರು ಅವತ್ತು ಒಂದು ಬೆರಳು ಹೆಚ್ಚು ಮಡಿಸಿದ್ದರೆ 15ರ ಹುಡುಗ 16ರವನು!

ಈ ನ್ಯಾಯದ ವಂಶಾವಳಿಯೂ ಸಾಮಾನ್ಯದ್ದಲ್ಲ. 1850ರ ಅಪ್ರೆಂಟಿಸ್ ಕಾಯ್ದೆ ಬಡವರ, ಅನಾಥರ ಮಕ್ಕಳನ್ನೂ ಸಣ್ಣಪುಟ್ಟ ತಪ್ಪು ಮಾಡಿದವರನ್ನೂ ಕಸುಬಿನ ಹೆಸರಲ್ಲಿ ಧಣಿಗಳ ಕೈಕೆಳಗೆ ಕಟ್ಟಿತು. ನಮ್ಮ ಅಜ್ಜಂದಿರನ್ನು ಕೇಳಿದ್ದರೆ ಅದಕ್ಕೆ ಬೇರೆ ಹೆಸರು ಹೇಳುತ್ತಿದ್ದರು. 1871ರಲ್ಲಿ ಬಂದ ಅಪರಾಧಿ ಬುಡಕಟ್ಟುಗಳ ಕಾಯ್ದೆಗೆ ಹುಟ್ಟೇ ಅಪರಾಧ. ಆಮೇಲಿನ ತಿದ್ದುಪಡಿಗಳು ಮಕ್ಕಳನ್ನು ತಂದೆತಾಯಿಯಿಂದ ಕಿತ್ತು ಸುಧಾರಣಾ ಶಾಲೆಗೆ ಹಾಕುವ ಅಧಿಕಾರವನ್ನೂ ಕೊಟ್ಟವು. ಅದು ರದ್ದಾಗಿದ್ದು 1952ರಲ್ಲಿ. ನಮ್ಮ ರಾಜ್ಯದ ಮಕ್ಕಳ ಕಾಯ್ದೆ 1964ರದ್ದು. ಕೇಂದ್ರದ 1986ರ ಕಾಯ್ದೆ ಗಂಡುಹುಡುಗನಿಗೆ 16, ಹೆಣ್ಣುಮಗುವಿಗೆ 18 ಎಂದು ಗೆರೆ ಎಳೆಯಿತು. 2000ದಲ್ಲಿ ಇಬ್ಬರಿಗೂ 18 ಆಯಿತು. 2012ರ ದೆಹಲಿಯ ಕ್ರೌರ್ಯಕ್ಕೆ ದೇಶ ಉರಿದೆದ್ದದ್ದು ಸರಿ. ಆದರೆ ಆ ಉರಿಯಲ್ಲಿ ಬೆಂದು ಬಂದ 2015ರ ಕಾನೂನಿನ ಬಿಸಿ ತಾಗುವುದು ಯಾರ ಮನೆಗೆ?

ತೋಟದಲ್ಲಿ ಅಡಿಕೆ ಕಳುವಾದರೆ ಮೊದಲು ನೆನಪಾಗುವುದು ಯಾರ ಹುಡುಗ? ಗೌಡರ ಮಗ ಕದ್ದರೆ ‘ಹುಡುಗಾಟ ಬಿಡ್ರಿ’ ಅಂತ ಕಟ್ಟೆಯ ಮೇಲೇ ಮುಗಿಯುತ್ತೆ. ನಮ್ಮವನು ಕದ್ದರೆ, ಕದಿಯದಿದ್ದರೂ, ಅದು ಕಳ್ಳತನ, ಠಾಣೆ. ಹುಡುಗಾಟಕ್ಕೂ ಜಾತಿ ಐತೆ ಈ ದೇಶದಲ್ಲಿ.

ಕಾಗದದ ಮೇಲೆ ಎಲ್ಲವೂ ಚಂದ. ಮಗುವನ್ನು ಲಾಕಪ್ಪಿಗೆ ಹಾಕುವಂತಿಲ್ಲ, ಕೋಳ ತೊಡಿಸುವಂತಿಲ್ಲ, 24 ಗಂಟೆಯೊಳಗೆ ಮಂಡಳಿಯ ಮುಂದೆ ತರಬೇಕು, ಜಾಮೀನು ಕೊಡುವುದೇ ನಿಯಮ. ಇದನ್ನೆಲ್ಲ ಠಾಣೆಯ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತ ಅಪ್ಪನಿಗೆ ಹೇಳುವವರಾರು? ಮಂಡಳಿ ಇರುವುದು ದಾವಣಗೆರೆಯಲ್ಲಿ. ಪ್ರತಿ ವಾಯಿದೆಗೂ ಅಪ್ಪ ಅವ್ವ ಇಬ್ಬರ ಕೂಲಿ ಹೋಯ್ತು, ಬಸ್ ಚಾರ್ಜು ಬೇರೆ. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟು, ಇಬ್ಬರು ಸಮಾಜ ಸೇವಕರು. ಅವರಲ್ಲಿ ಒಬ್ಬರಾದರೂ ಹೆಂಗಸಿರಬೇಕೆಂದು ಕಾಯ್ದೆ ಹೇಳುತ್ತದೆ, ಒಳ್ಳೆಯದೇ. ಕೇರಿಯಿಂದ ಬಂದವರೊಬ್ಬರು ಇರಬೇಕೆಂದು ಹೇಳುವುದಿಲ್ಲ.

ಹಳ್ಳಿಯ ಮೇಷ್ಟ್ರುಗಳೇ, ನಿಮ್ಮನ್ನೇ ಕೇಳುತ್ತಿದ್ದೇವೆ. ದಾಖಲಾತಿಯ ದಿನ ತಾಯಿ ಕಾರ್ಡು ತರಿಸಿ, ಅಂಗನವಾಡಿಯ ಪುಸ್ತಕ ನೋಡಿ, ಪಂಚಾಯಿತಿಯಿಂದ ಜನನ ಪತ್ರ ತೆಗೆಸಿಕೊಡಿ. ವಿದ್ಯಾರ್ಥಿ ಗೆಳೆಯರೇ, ಹುಡುಗನನ್ನು ಹಿಡಿದೊಯ್ದ ರಾತ್ರಿಯೇ ಆ ಪತ್ರ ಹಿಡಿದು ಠಾಣೆಗೆ ನಡೆಯಿರಿ, ಒಬ್ಬರೇ ಬೇಡ, ಹತ್ತು ಮಂದಿ. ಮಂಡಳಿ ತಿಂಗಳಿಗೊಂದು ದಿನ ಚನ್ನಗಿರಿಗೆ ಬಂದು ಕೂರಲಿ ಎಂದು ಸಹಿ ಸಂಗ್ರಹಿಸೋಣ. ಹೆಬ್ಬೆಟ್ಟಿನ ಗುರುತೂ ಸಹಿಯೇ.