ಹಳ್ಳದ ಕೆಳಗೆ ಗಣಿ ಬೇಡ

ಆಸ್ಟ್ರೇಲಿಯಾದ ಸಿಡ್ನಿಯ ದಕ್ಷಿಣಕ್ಕೆ ವಾರಟಾ ಅಂತ ಒಂದು ಹಳ್ಳ ಇದೆ. ಅದರ ನೀರು ಸೇರುವುದು ಜನರು ಕುಡಿಯುವ ವೊರೊನೋರಾ ಜಲಾಶಯಕ್ಕೆ. 2005ರ ಆಸುಪಾಸಿನಲ್ಲಿ ಹಳ್ಳದ ಅಡಿಯಲ್ಲೇ ಕಲ್ಲಿದ್ದಲು ತೆಗೆದರು. ತೆಗೆದ ಮೇಲೆ ಆಸರೆ ಸರಿಸಿ ಮೇಲಿನ ಬಂಡೆಯನ್ನು ಕುಸಿಯಲು ಬಿಡುತ್ತಾರೆ. ನೆಲ ತಗ್ಗಿ ಹಳ್ಳದ ಹಾಸುಗಲ್ಲು ಬಿರಿಯಿತು, ನೀರು ಬಿರುಕಿನೊಳಗೆ ಇಳಿದು ಮಡುಗಳು ಬತ್ತಿದವು. ಕೆಳಗಡೆ ಮತ್ತೆ ಹೊರಬಂದ ನೀರು ಕಬ್ಬಿಣ ಕರಗಿ ಕಿತ್ತಳೆ ಬಣ್ಣ! ಬಿರುಕಿಗೆ ಅಂಟು ತುಂಬಿದರು. ಒಡೆದ ಕೊಡಕ್ಕೆ ಮೇಣ ಮೆತ್ತಿದ ಹಾಗಾಯಿತು.

2008ರಲ್ಲಿ ತಜ್ಞರ ಸಮಿತಿ, ಮುಖ್ಯ ಹಳ್ಳಗಳ ಸುತ್ತ ಕನಿಷ್ಠ 400 ಮೀಟರ್ ವಿಶೇಷ ಎಚ್ಚರ ಬೇಕು ಎಂದಿತು. ಎಚ್ಚರ ಯಾಕೆ, ಅಲ್ಲಿ ಅಗೆಯಲೇಬಾರದು ಅಂತ ನನ್ನ ಅಭಿಪ್ರಾಯ. ಉಕ್ಕಿಗೆ ಕಲ್ಲಿದ್ದಲು ಬೇಕು, ಒಪ್ಪುತ್ತೇನೆ. ನಮ್ಮ ದೇಶವೂ ಆಸ್ಟ್ರೇಲಿಯಾದಿಂದ ತರಿಸುತ್ತೆ. ಆದರೆ ಹಳ್ಳದ ಕೆಳಗಿನದ್ದು ಅಲ್ಲೇ ಇರಲಿ ಬಿಡಿ.