ಪ್ಲಗ್-ಇನ್ ಹೈಬ್ರಿಡ್ ಕಾರು: ಚಾರ್ಜಿಂಗ್ ಬೇಕೇ, ಬೇಡವೇ?

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಗಳ ಕಾರು ಮಳಿಗೆಗಳಲ್ಲಿ 'ಹೈಬ್ರಿಡ್' ಎಂಬ ಶಬ್ದ ಈಗ ನಿತ್ಯದ ಮಾತಾಗಿದೆ. ವಾಹನ ಸಾಲ ಕೇಳಿಕೊಂಡು ಬ್ಯಾಂಕಿಗೆ ಬರುವವರ ಬಾಯಲ್ಲೂ ಅದೇ ಶಬ್ದ, ಅದರ ಬೆನ್ನಿಗೇ ಒಂದು ಸಂಶಯ: ಇದನ್ನು ದಿನಾ ಚಾರ್ಜ್ ಮಾಡಬೇಕೇ? ಇದಕ್ಕೆ ಉತ್ತರ ಹೇಳುವ ಮೊದಲು, ಯಾವ ಹೈಬ್ರಿಡ್ ಎಂದು ನಾವು ಮರುಪ್ರಶ್ನೆ ಹಾಕಬೇಕಾಗುತ್ತದೆ.

ಹೈಬ್ರಿಡ್‌ಗಳಲ್ಲಿ ಮೂರು ಬಗೆ. ಮೊದಲನೆಯದು 'ಮೈಲ್ಡ್', ಇಲ್ಲಿ ಎಂಜಿನ್‌ಗೆ ಪುಟ್ಟದೊಂದು ವಿದ್ಯುತ್ ಸಹಾಯವಷ್ಟೇ. ಎರಡನೆಯದು 'ಸ್ಟ್ರಾಂಗ್', ನಮ್ಮ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ 2022ರಲ್ಲಿ ಹೊರಬಂದ ಹೈರೈಡರ್ ಮತ್ತು ಇನ್ನೋವಾ ಹೈಕ್ರಾಸ್‌ಗಳ ಹೈಬ್ರಿಡ್ ಮಾದರಿಗಳು ಈ ಜಾತಿಯವು. ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿಯಿಂದ ಮತ್ತು ಎಂಜಿನ್‌ನಿಂದ ಇವು ತಮ್ಮ ಚಿಕ್ಕ ಬ್ಯಾಟರಿಯನ್ನು ತಾವೇ ತುಂಬಿಸಿಕೊಳ್ಳುತ್ತವೆ. ಇವಕ್ಕೆ ಪ್ಲಗ್ ಚುಚ್ಚುವ ಜಾಗವೇ ಇಲ್ಲ. ಮೂರನೆಯದು ಪ್ಲಗ್-ಇನ್, ಬ್ಯಾಟರಿ ಹಲವು ಪಟ್ಟು ದೊಡ್ಡದು, ಹೊರಗಿನಿಂದ ಚಾರ್ಜ್ ಮಾಡಿದರೆ ಪೆಟ್ರೋಲ್ ಮುಟ್ಟದೆ ಸಾಮಾನ್ಯವಾಗಿ 40ರಿಂದ 80 ಕಿ.ಮೀ. ಓಡಬಲ್ಲದು. ವೋಲ್ವೋ ಎಕ್ಸ್‌ಸಿ90 ಟಿ8 2016ರಲ್ಲಿ, ಬಿಎಂಡಬ್ಲ್ಯು ಎಕ್ಸ್‌ಎಂ 2022ರಲ್ಲಿ ಭಾರತಕ್ಕೆ ಬಂದವು. ನಮ್ಮಲ್ಲಿ ಈ ಬಗೆ ಮೊದಲು ಕಾಲಿಟ್ಟದ್ದು ಸಿರಿವಂತರ ಅಂಗಳದಲ್ಲಿ.

ಈಗ ಮೂಲ ಪ್ರಶ್ನೆಗೆ ಬರೋಣ. ಚಾರ್ಜ್ ಮಾಡದಿದ್ದರೆ ಪ್ಲಗ್-ಇನ್ ಕಾರು ನಿಂತುಹೋಗುವುದೇ? ಇಲ್ಲ. ಬ್ಯಾಟರಿ ಇಳಿದ ಮೇಲೂ ಕಾರು ಅದರಲ್ಲಿ ಒಂದಿಷ್ಟು ವಿದ್ಯುತ್ತನ್ನು ಕಾದಿಟ್ಟುಕೊಂಡು, ಪೆಟ್ರೋಲ್ ಬಲದಿಂದ ಸಾಧಾರಣ ಹೈಬ್ರಿಡ್‌ನಂತೆ ಸಾಗುತ್ತದೆ. ಇದರಿಂದ ಯಂತ್ರಕ್ಕೆ ಹಾನಿಯಿಲ್ಲ, ಹಾನಿ ಜೇಬಿಗೆ. ದೊಡ್ಡ ಬ್ಯಾಟರಿಗೆಂದು ಕೊಟ್ಟ ಹೆಚ್ಚಿನ ಬೆಲೆ ವ್ಯರ್ಥ. ಅದರ ಭಾರವನ್ನು ಎಳೆಯಲು ಪೆಟ್ರೋಲ್ ಬೇರೆ ಸುಡಬೇಕು. ಬೆಣ್ಣೆಯನ್ನು ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಕಥೆಯಿದು.

ಯುರೋಪಿನ ಅನುಭವ ಇದನ್ನೇ ಸಾರುತ್ತದೆ. ಅಲ್ಲಿ ಸರಕಾರಗಳು ರಿಯಾಯಿತಿ ಕೊಟ್ಟವು, ಕಂಪನಿಗಳು ಅಧಿಕಾರಿಗಳಿಗೆ ಇಂಥ ಕಾರುಗಳನ್ನು ಒದಗಿಸಿದವು. ಆದರೆ ಕಾರುಗಳೊಳಗಿನ ಮಾಪಕಗಳು ದಾಖಲಿಸಿದ ಬಳಕೆಯನ್ನು ಯುರೋಪಿಯನ್ ಆಯೋಗವು ಪರಿಶೀಲಿಸಿ 2024ರಲ್ಲಿ ವರದಿ ಪ್ರಕಟಿಸಿದಾಗ, ಪ್ಲಗ್-ಇನ್ ಕಾರುಗಳು ಉಗುಳಿದ ಇಂಗಾಲಾಮ್ಲವು ಪ್ರಯೋಗಾಲಯದ ಅಂಕಿಗಿಂತ ಸರಾಸರಿ ಮೂರೂವರೆ ಪಟ್ಟು ಹೆಚ್ಚೆಂದು ತಿಳಿದುಬಂತು. ಮುಖ್ಯ ಕಾರಣ ಸರಳ: ಅಂಕಿ ಕಟ್ಟಿದವರು ಊಹಿಸಿದಷ್ಟು ಬಾರಿ ಮಾಲಕರು ಚಾರ್ಜ್ ಮಾಡುತ್ತಿರಲಿಲ್ಲ. ಕಂಪನಿಯ ಖರ್ಚಿನಲ್ಲಿ ಪೆಟ್ರೋಲ್ ಸಿಗುವವನಿಗೆ ರಾತ್ರಿ ತಂತಿ ಎಳೆಯುವ ತೊಂದರೆ ಯಾತಕ್ಕೆ?

ನಮ್ಮ ಉಪನಗರಗಳಿಗೆ ಈ ಲೆಕ್ಕವನ್ನು ಅನ್ವಯಿಸಿ ನೋಡೋಣ. ಡೊಂಬಿವಲಿಯಿಂದ ಶೀಲ್‌ಫಾಟಾ ದಾಟಿ ವಾಶಿಗೆ, ಅಥವಾ ಕಲ್ಯಾಣದಿಂದ ಥಾಣೆಗೆ ಹೋಗಿಬರಲು ದಿನಕ್ಕೆ ಸುಮಾರು 50 ಕಿ.ಮೀ. ಹೆಚ್ಚುಕಡಿಮೆ ಪ್ಲಗ್-ಇನ್ ಬ್ಯಾಟರಿಯ ಅಳತೆಗೇ ಹೊಲಿದಂತಿರುವ ದೂರವಿದು. ಈ ದೂರಕ್ಕೆ 15 ಯೂನಿಟ್ ವಿದ್ಯುತ್ ಬೇಕು, ಯೂನಿಟ್‌ಗೆ 10 ರೂಪಾಯಿ ಎಂದು ಹಿಡಿದರೆ ಖರ್ಚು 150 ರೂ. ಲೀಟರಿಗೆ 100 ರೂಪಾಯಿಯ ಪೆಟ್ರೋಲಿನಲ್ಲಿ, 15 ಕಿ.ಮೀ. ಮೈಲೇಜ್ ಕೊಡುವ ಕಾರಿಗೆ ಅದೇ ದೂರಕ್ಕೆ 330 ರೂ. ದಾಟುತ್ತದೆ. ಲಾಭ ನಿಜವೇ, ಆದರೆ ಅದು ಪ್ರತಿರಾತ್ರಿ ಚಾರ್ಜ್ ಮಾಡುವವನಿಗೆ ಮಾತ್ರ.

ತೊಡಕಿರುವುದು ಇಲ್ಲೇ. ನಮ್ಮವರಲ್ಲಿ ಹೆಚ್ಚಿನವರ ವಾಸ ಹೌಸಿಂಗ್ ಸೊಸೈಟಿಗಳಲ್ಲಿ. ಮನೆ ಐದನೇ ಮಹಡಿಯಲ್ಲಿ, ಕಾರು ನೆಲದಲ್ಲಿ. ಹಳೆಯ ಕಟ್ಟಡಗಳಲ್ಲಿ ನಿಗದಿತ ಪಾರ್ಕಿಂಗ್ ಸಿಕ್ಕಿದರೆ ಪುಣ್ಯ. ಮನೆ ಅಥವಾ ಕಚೇರಿಯ ಈಗಿರುವ ವಿದ್ಯುತ್ ಸಂಪರ್ಕದಿಂದಲೇ ವಾಹನ ಚಾರ್ಜ್ ಮಾಡಿಕೊಳ್ಳಬಹುದೆಂದು ಕೇಂದ್ರ ವಿದ್ಯುತ್ ಸಚಿವಾಲಯ 2022ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ಆದರೂ ತಂತಿ ಯಾವ ಗೋಡೆಯ ಮೇಲೆ ಹಾಯಬೇಕು, ಮೀಟರ್ ಯಾರ ಹೆಸರಿನಲ್ಲಿರಬೇಕು, ಬೆಂಕಿ ಅವಘಡವಾದರೆ ಹೊಣೆ ಯಾರದು ಎಂಬುದೆಲ್ಲ ಸೊಸೈಟಿಯ ಸಭೆಯಲ್ಲೇ ತೀರ್ಮಾನವಾಗಬೇಕು. ಹೊರಗಿನ ಶೀಘ್ರ ಚಾರ್ಜಿಂಗ್ ಕೇಂದ್ರಗಳನ್ನು ನಂಬೋಣವೆಂದರೆ, ಪ್ಲಗ್-ಇನ್ ಹೈಬ್ರಿಡ್‌ಗಳಲ್ಲಿ ಹಲವು ನಿಧಾನ ಚಾರ್ಜಿಂಗನ್ನಷ್ಟೇ ಸ್ವೀಕರಿಸುತ್ತವೆ. ಆದುದರಿಂದ ತನ್ನದೇ ಪಾರ್ಕಿಂಗ್‌ನಲ್ಲಿ ಪ್ಲಗ್ ಇಲ್ಲದವನಿಗೆ ಬಿಡದಿಯ ಸ್ಟ್ರಾಂಗ್ ಹೈಬ್ರಿಡ್ಡೇ ಹೆಚ್ಚು ಪ್ರಾಮಾಣಿಕ ಆಯ್ಕೆ. ಘೋಡ್‌ಬಂದರ್ ರಸ್ತೆಯ ವಾಹನ ದಟ್ಟಣೆಯಲ್ಲಿ ಪದೇಪದೇ ಬ್ರೇಕ್ ಒತ್ತುವವರಿಗೆ ಅದರ ಉಪಯೋಗವೂ ಚೆನ್ನಾಗಿಯೇ ಆಗುತ್ತದೆ.

ಇದಕ್ಕೆ ವಿರುದ್ಧವಾದ ಇನ್ನೊಂದು ಸಂಗತಿಯಿದೆ. ನಿತ್ಯ ಚಾರ್ಜ್ ಮಾಡಿ ಎಂಜಿನನ್ನು ಮರೆತರೂ ಸಲ್ಲದು; ಟ್ಯಾಂಕಿನ ಪೆಟ್ರೋಲ್ ಹಳತಾಗುತ್ತದೆ. 2010ರ ಕೊನೆಗೆ ಅಮೆರಿಕದಲ್ಲಿ ಬಂದ ಷೆವರ್ಲೆ ವೋಲ್ಟ್ ಕಾರು ಇದಕ್ಕಾಗಿಯೇ ಆಗಾಗ ತಾನಾಗಿ ಎಂಜಿನ್ ಚಾಲೂ ಮಾಡಿಕೊಳ್ಳುತ್ತಿತ್ತು. ಬೇಸಿಗೆ ರಜೆಯಲ್ಲಿ ತಿಂಗಳುಗಟ್ಟಲೆ ಊರಿಗೆ ಹೋಗುವವರು ಬ್ಯಾಟರಿಯನ್ನು ಪೂರ್ತಿ ತುಂಬಿಸದೆ, ಪೂರ್ತಿ ಬರಿದೂ ಮಾಡದೆ, ನಡುಮಟ್ಟದಲ್ಲಿ ಬಿಟ್ಟು ಹೋಗುವುದು ಒಳಿತು.

ಇನ್ನು ಸರಕಾರದ ಪಾಲು. 2025ರ ಸೆಪ್ಟೆಂಬರ್ 22ರಂದು ಜಾರಿಗೆ ಬಂದ ಜಿಎಸ್‌ಟಿ ದರಗಳಂತೆ ವಿದ್ಯುತ್ ಕಾರಿಗೆ ಶೇ. 5, ಚಿಕ್ಕ ಹೈಬ್ರಿಡ್‌ಗೆ ಶೇ. 18, ದೊಡ್ಡದಕ್ಕೆ ಶೇ. 40 ತೆರಿಗೆ. ಅದೇ ವರ್ಷ ಆಗಸ್ಟ್‌ನಲ್ಲಿ ಮಹಾರಾಷ್ಟ್ರವು ಅಟಲ್ ಸೇತುವಿನಲ್ಲಿ ವಿದ್ಯುತ್ ಕಾರುಗಳಿಗೆ ಟೋಲ್ ಮನ್ನಾ ಮಾಡಿತು. ಉತ್ತರ ಪ್ರದೇಶವಾದರೋ 2024ರಲ್ಲೇ ಸ್ಟ್ರಾಂಗ್ ಮತ್ತು ಪ್ಲಗ್-ಇನ್ ಹೈಬ್ರಿಡ್‌ಗಳೆರಡಕ್ಕೂ ನೋಂದಣಿ ತೆರಿಗೆ ಬಿಟ್ಟುಕೊಟ್ಟಿತ್ತು. ಪ್ಲಗ್-ಇನ್‌ಗಳಿಗೂ ವಿದ್ಯುತ್ ಕಾರಿನ ಸವಲತ್ತು ಕೊಡಬೇಕೆಂಬ ಬೇಡಿಕೆ ಬಂದಾಗ ನಮ್ಮವರು ಯುರೋಪಿನ ಪಾಠ ಮರೆಯಬಾರದು. ಚಾರ್ಜ್ ಮಾಡದ ಕಾರಿಗೆ ಕೊಡುವ ರಿಯಾಯಿತಿಯೆಂದರೆ, ಲೋಕಲ್ ಗಾಡಿಯಲ್ಲಿ ನೇತಾಡಿಕೊಂಡು ಹೋಗುವವನ ತೆರಿಗೆಯಿಂದ ಕಾರಿನವನ ಪೆಟ್ರೋಲಿಗೆ ಸಹಾಯಧನ ಕೊಟ್ಟಂತೆಯೇ ಸರಿ. ಆ ಹಣ ಸೊಸೈಟಿಗಳ ಪಾರ್ಕಿಂಗ್‌ಗೆ ಸುರಕ್ಷಿತ ವಿದ್ಯುತ್ ತರಲು ವಿನಿಯೋಗವಾದರೆ ಹೆಚ್ಚು ಮಂದಿಗೆ ಪ್ರಯೋಜನ.

ಆದುದರಿಂದ ಕಾರು ಮಳಿಗೆಗೆ ಹೋಗುವ ಮುನ್ನ ನಮ್ಮ ಬಾಂಧವರು ಒಮ್ಮೆ ಸೊಸೈಟಿಯ ಕಾರ್ಯದರ್ಶಿಯನ್ನು ಕಂಡು ಬರಲಿ. ಪ್ಲಗ್ ಪಾಯಿಂಟಿಗೆ ಒಪ್ಪಿಗೆ ದೊರೆತ ಮೇಲೆ ಪ್ಲಗ್-ಇನ್ ಕಾರಿನ ಮಾತು.